ಉಳ್ಳಾಲ: ಹೊಯಿಗೆ ಕಟ್ಟಿದ ಊರು

ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿನ ಕಡೆ ರೈಲು ಹೊರಟು ಸ್ವಲ್ಪ ಹೊತ್ತಿಗೆಲ್ಲ ಬೋಗಿಯ ಸದ್ದು ಬದಲಾಗುತ್ತದೆ. ನೆಲದ ಮೇಲಿನ ಗಡಗಡ ಹೋಗಿ ಕಬ್ಬಿಣದ ಟೊಳ್ಳು ಸದ್ದು ಶುರುವಾಗುತ್ತದೆ. ನೇತ್ರಾವತಿ ಸಂಕ ಬಂತು ಅಂತ ಅರ್ಥ. ನಮ್ಮ ಕಡೆ ಸೇತುವೆಗೆ ಸಂಕ ಎಂದೇ ಹೇಳುವುದು. ಆಗ ಬಲಗಡೆಯ ಕಿಟಕಿಯಿಂದ ನೋಡಿ. ಅಗಲವಾದ ನೀರು, ನೀರಿನ ಕೊನೆಯಲ್ಲಿ ತೆಂಗಿನ ಮರಗಳ ಒಂದು ಸಣ್ಣ ಗೆರೆ, ಆ ಗೆರೆಯ ಹಿಂದೆ ಬಿಳಿ ಬೆಳಕು. ಆ ಬೆಳಕು ಅರಬ್ಬಿ ಸಮುದ್ರ. ಆ ತೆಂಗಿನ ಗೆರೆಯಿದೆಯಲ್ಲ, ಅದು ಉಳ್ಳಾಲದ ಕೋಟೆಪುರ.

ನೋಡಿದವರಿಗೆ ನದಿ ನೇರವಾಗಿ ಹೋಗಿ ಕಡಲಿಗೆ ಬಿದ್ದ ಹಾಗೆ ಕಾಣುತ್ತದೆ. ಆದರೆ ಅದು ಹಾಗೆ ಬೀಳುವುದಿಲ್ಲ. ಘಟ್ಟದಿಂದ ನೂರು ಕಿಲೋಮೀಟರ್ ಚಿಲ್ಲರೆ ಪಶ್ಚಿಮಕ್ಕೇ ಹರಿದು ಬಂದ ನೇತ್ರಾವತಿ, ಕಡಲಿನ ಹೊಸ್ತಿಲು ಮುಟ್ಟುವಾಗ ಬಲಕ್ಕೆ, ಅಂದರೆ ಉತ್ತರಕ್ಕೆ ತಿರುಗುತ್ತದೆ. ತೆಂಗಿನ ಗೆರೆಯ ಹಿಂದೆಯೇ, ಕಡಲಿಗೆ ಮಗ್ಗುಲಾಗಿ ಸಾಗಿ, ಆಮೇಲೆ ಬಾಗಿಲು ಹುಡುಕಿಕೊಳ್ಳುತ್ತದೆ. ಆ ಬಾಗಿಲಿಗೆ ನಾವು ಅಳಿವೆ ಅನ್ನುತ್ತೇವೆ. ಉತ್ತರದಿಂದ ಗುರುಪುರ ನದಿಯೂ ಹೀಗೆಯೇ ತಣ್ಣೀರುಬಾವಿ, ಬೆಂಗ್ರೆಯ ಹಿಂದೆ ಕಡಲಿಗೆ ಮಗ್ಗುಲಾಗಿ ಇಳಿದು ಬಂದು ಅದೇ ಅಳಿವೆಗೆ ಸೇರುತ್ತದೆ. ಗುರುಪುರ ನದಿಗೆ ಫಲ್ಗುಣಿ ಎಂಬ ಹೆಸರೂ ಇದೆ. ಎರಡು ನದಿ, ಒಂದೇ ಬಾಗಿಲು. ಬಾಗಿಲ ಉತ್ತರದ ಕಂಬ ಬೆಂಗ್ರೆ, ದಕ್ಷಿಣದ ಕಂಬ ಉಳ್ಳಾಲ.

ಈ ಎರಡು ಕಂಬಗಳೂ ಹೊಯಿಗೆಯವು. ಹೊಯಿಗೆ ಅಂದರೆ ಮರಳು. ಉಳ್ಳಾಲದ ಚರಿತ್ರೆ ಅಂದ ಕೂಡಲೇ ಎಲ್ಲರೂ ರಾಣಿ ಅಬ್ಬಕ್ಕನಿಂದ ಶುರು ಮಾಡುತ್ತಾರೆ. ಅಬ್ಬಕ್ಕ ಬರುತ್ತಾಳೆ, ಬಿಡುವುದಿಲ್ಲ. ಆದರೆ ಹೊಯಿಗೆ ಎಲ್ಲಿಂದ ಬಂತು, ಯಾಕೆ ಇಲ್ಲಿ ನಿಂತಿತು, ಈಗ ಯಾಕೆ ನಿಲ್ಲುತ್ತಿಲ್ಲ ಅನ್ನುವುದು ಗೊತ್ತಾಗದೆ ಈ ಊರು ಅರ್ಥ ಆಗುವುದಿಲ್ಲ. ಪೋರ್ಚುಗೀಸರು ಇಲ್ಲಿಗೆ ಯಾಕೆ ಬಂದರು ಅನ್ನುವುದಕ್ಕೂ ಇಲ್ಲಿನ ಮೀನುಗಾರರ ಕೇರಿಯಾದ ಮೊಗವೀರಪಟ್ಣದಲ್ಲಿ ಮಳೆಗಾಲ ಬಂದರೆ ಜನ ಯಾಕೆ ನಿದ್ದೆಗೆಡುತ್ತಾರೆ ಅನ್ನುವುದಕ್ಕೂ ಉತ್ತರ ಒಂದೇ ಜಾಗದಲ್ಲಿದೆ.

ಹಾಗಾಗಿ ಮೊದಲು ಹೊಯಿಗೆ.

ನೇತ್ರಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕುದುರೆಮುಖದ ಬೆಟ್ಟಸಾಲಿನಲ್ಲಿ. ಧರ್ಮಸ್ಥಳದ ಹತ್ತಿರ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನದಿಯನ್ನು ಸೇರಿಸಿಕೊಂಡು, ಪಾಣೆಮಂಗಳೂರು, ಬಂಟ್ವಾಳ ದಾಟಿ ಕೆಳಗೆ ಬರುತ್ತದೆ. ಈ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟದ ಮೇಲೆ ಇನ್ನೂ ಹೆಚ್ಚು. ಅಷ್ಟು ನೀರು ಅಷ್ಟು ಕಡಿಮೆ ದೂರದಲ್ಲಿ ಅಷ್ಟು ಎತ್ತರದಿಂದ ಇಳಿಯುವಾಗ ಬರೀ ನೀರಾಗಿ ಇಳಿಯುವುದಿಲ್ಲ. ಕಲ್ಲನ್ನು ಉಜ್ಜಿ, ದಂಡೆಯನ್ನು ಕೆರೆದು, ಮಣ್ಣು, ಹೊಯಿಗೆ ಎಲ್ಲ ಹೊತ್ತು ತರುತ್ತದೆ. ಬಯಲಿಗೆ ಬಂದ ಮೇಲೆ ವೇಗ ಕಡಿಮೆ. ಕೈಯಲ್ಲಿದ್ದದ್ದನ್ನು ಒಂದೊಂದಾಗಿ ಕೆಳಗಿಡುತ್ತಾ ಬರುತ್ತದೆ. ಮೊದಲು ದಪ್ಪ ಕಲ್ಲು, ಆಮೇಲೆ ಜಲ್ಲಿ, ಆಮೇಲೆ ಹೊಯಿಗೆ, ಕಟ್ಟಕಡೆಗೆ ನುಣ್ಣನೆಯ ಕೆಸರು. ನದಿ ನಡುವೆ ಹೀಗೆ ಎದ್ದು ನಿಂತ ದ್ವೀಪಗಳಿಗೆ ಕುದ್ರು ಅನ್ನುತ್ತಾರೆ. ಉಳ್ಳಾಲದಿಂದ ಸ್ವಲ್ಪ ಮೇಲಕ್ಕೆ ಇರುವ ಪಾವೂರು ಉಳಿಯ ಅಂಥದ್ದೊಂದು ಕುದ್ರು. ಮನೆಗಳಿವೆ, ತೆಂಗಿದೆ, ಸಣ್ಣದೊಂದು ಪ್ರಾರ್ಥನಾ ಮಂದಿರವೂ ಇದೆ. ಮಳೆಗಾಲದಲ್ಲಿ ದೋಣಿ ಇಲ್ಲದೆ ಅತ್ತ ಇತ್ತ ಹೋಗುವ ಹಾಗಿಲ್ಲ.

ನದಿ ಕಡಲಿಗೆ ತಂದು ಸುರಿದ ಹೊಯಿಗೆ ಅಲ್ಲೇ ಉಳಿಯುವುದಿಲ್ಲ. ಅದನ್ನು ತೆರೆ ಎತ್ತಿಕೊಳ್ಳುತ್ತದೆ. ತೆರೆಗಳು ದಡಕ್ಕೆ ನೇರವಾಗಿ ಬಂದು ಹೊಡೆಯುವುದು ಕಡಿಮೆ, ಓರೆಯಾಗಿ ಬರುವುದೇ ಹೆಚ್ಚು. ಬರುವಾಗ ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ವಾಪಸ್ ಹೋಗುವಾಗ ನೇರ ಕೆಳಕ್ಕೆ ಎಳೆಯುತ್ತದೆ. ಪ್ರತಿ ಸಲವೂ ಹೊಯಿಗೆಯ ಕಾಳು ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಒಂದು ತೆರೆಗೆ ಒಂದು ಅಡಿ ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ ಎಷ್ಟು ಸಾವಿರ ತೆರೆ! ಹೀಗೆ ಕಡಲದಂಡೆಯ ಉದ್ದಕ್ಕೂ ಹೊಯಿಗೆಯ ಒಂದು ಮೆರವಣಿಗೆ ಸದಾ ನಡೆಯುತ್ತಿರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನದಿಯ ಬಾಯಿ ಸಿಕ್ಕಿದ ಕಡೆ ಆ ಮೆರವಣಿಗೆ ಬಾಯಿಗೆ ಅಡ್ಡವಾಗಿ ನಾಲಿಗೆಯ ಹಾಗೆ ಬೆಳೆಯುತ್ತದೆ. ನದಿ ಆ ನಾಲಿಗೆಯನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ. ಕೋಟೆಪುರ ಆದದ್ದು ಹೀಗೆ. ಒಂದು ಮಗ್ಗುಲು ನದಿ, ಒಂದು ಮಗ್ಗುಲು ಕಡಲು, ನಡುವೆ ಒಂದು ಪಟ್ಟಿ ನೆಲ.

ಈಗ ಈ ನಾಲಿಗೆಯಿಂದ ಆಗುವ ಉಪಕಾರ ನೋಡಿ. ಅದರ ಹೊರಗೆ ಕಡಲು ಎಷ್ಟೇ ಅಬ್ಬರಿಸಲಿ, ಒಳಗೆ ನೀರು ಶಾಂತ. ದೋಣಿ ಕಟ್ಟಲು, ಸರಕು ಇಳಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮೇಲಾಗಿ ಎರಡು ನದಿಗಳ ಉದ್ದಕ್ಕೂ ಒಳನಾಡಿಗೆ ನೀರಿನ ದಾರಿ. ಘಟ್ಟದ ಮೇಲಿನ ಸರಕು ಬಂಟ್ವಾಳದವರೆಗೆ ನೆಲದ ಮೇಲೆ ಬಂದು, ಅಲ್ಲಿಂದ ದೋಣಿ ಹತ್ತಿ, ನೀರಿನ ಜೊತೆ ಇಳಿದು ಬರುತ್ತಿತ್ತು. ಕಾಳುಮೆಣಸು, ಶುಂಠಿ, ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕಿ. ಮೆಣಸಿನ ಆಸೆಗೆ ಪೋರ್ಚುಗೀಸರು ಬಂದರು ಅಂತ ಶಾಲೆಯಲ್ಲಿ ಓದಿದ್ದೇವೆ, ಸರಿಯೇ. ಆದರೆ ಗೋವಾದಲ್ಲಿ ಕೂತ ಅವರ ಹೊಟ್ಟೆ ತುಂಬಿಸುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿ. ಹೊನ್ನಾವರ, ಬಸ್ರೂರು, ಮಂಗಳೂರು, ಮೂರೂ ಅಕ್ಕಿ ಸಿಗುವ ನದಿಬಾಯಿಗಳು. 1568–69ರ ಸುಮಾರಿಗೆ ಅವರು ಈ ಮೂರೂ ಕಡೆ ಕೋಟೆ ಹಾಕಿಕೊಂಡದ್ದು ಸುಮ್ನೆ ಅಲ್ಲ.

ಈ ಬಂದರಿಗೆ ಎರಡು ದಡ. ಅದಕ್ಕೇ ಇಬ್ಬರು ಒಡೆಯರು. ಉತ್ತರ ದಡದಲ್ಲಿ ಬಂಗರು, ದಕ್ಷಿಣ ದಡದಲ್ಲಿ ಚೌಟರು. ಇಬ್ಬರೂ ಜೈನ ಅರಸುಮನೆತನದವರು, ಇಬ್ಬರೂ ವಿಜಯನಗರದ ಕೈಕೆಳಗಿನ ಸಣ್ಣ ಅರಸರು. ಚೌಟರಿಗೆ ಮೂಡುಬಿದಿರೆ ಕಡೆಯಲ್ಲಿ ಒಂದು ನೆಲೆ, ಉಳ್ಳಾಲದಲ್ಲಿ ಒಂದು ನೆಲೆ. ಅವರದು ಅಳಿಯಸಂತಾನ ಕಟ್ಟು. ಅಪ್ಪನಿಂದ ಮಗನಿಗಲ್ಲ, ಅಕ್ಕತಂಗಿಯರ ಸಂತಾನಕ್ಕೆ ಆಸ್ತಿ, ಪಟ್ಟ ಎರಡೂ ಹೋಗುವ ಪದ್ಧತಿ. ಹಾಗಾಗಿ ತಿರುಮಲರಾಯ ಚೌಟ ತನ್ನ ಸೊಸೆ ಅಬ್ಬಕ್ಕನಿಗೆ ಉಳ್ಳಾಲದ ಪಟ್ಟ ಕಟ್ಟಿದ್ದರಲ್ಲಿ ಆ ಕಾಲದ ತುಳುನಾಡಿಗೆ ಆಶ್ಚರ್ಯ ಏನೂ ಇರಲಿಲ್ಲ. ಇಲ್ಲಿ ಸೊಸೆ ಅಂದರೆ ಸೋದರ ಸೊಸೆ, ಅಕ್ಕತಂಗಿಯ ಮಗಳು. ಹೊರಗಿನಿಂದ ಬಂದವರಿಗೆ ಮಾತ್ರ ಇದು ವಿಚಿತ್ರವಾಗಿ ಕಂಡಿತು.

ಅಬ್ಬಕ್ಕನ ಮದುವೆ ಆದದ್ದು ಆಚೆ ದಡದ ಬಂಗರಸನ ಜೊತೆ. ನಕ್ಷೆ ನೋಡಿದರೆ ಈ ಮದುವೆಯ ಅರ್ಥ ಥಟ್ಟನೆ ಹೊಳೆಯುತ್ತದೆ. ಎರಡು ದಡ ಒಂದಾದರೆ ಅಳಿವೆ ಪೂರ್ತಿ ಕೈಯಲ್ಲಿ. ಆದರೆ ಮದುವೆ ಮುರಿಯಿತು. ಅವನು ಕೊಟ್ಟ ಒಡವೆಯನ್ನೆಲ್ಲ ಅವಳು ವಾಪಸ್ ಕಳಿಸಿದಳು ಅಂತ ಜನ ಇವತ್ತಿಗೂ ಹೇಳುತ್ತಾರೆ. ಅವನು ಪೋರ್ಚುಗೀಸರ ಕಡೆ ಸೇರಿದ. ನದಿ ಗಡಿಯಾಯಿತು.

ಜಗಳದ ಮೂಲ ಹಣ. ಕಡಲಲ್ಲಿ ಯಾವ ಹಡಗು ಓಡಾಡಬೇಕಾದರೂ ತಮ್ಮಿಂದ ಕಾರ್ತಾಜ್ ಎಂಬ ಪರವಾನಗಿ ಪಡೆಯಬೇಕು, ಇಲ್ಲದಿದ್ದರೆ ಹಡಗು ಹಿಡಿಯುತ್ತೇವೆ ಎಂದು ಪೋರ್ಚುಗೀಸರು ಕೂತಿದ್ದರು. ಉಳ್ಳಾಲದವರು ನೂರಾರು ವರ್ಷದಿಂದ ಕಲ್ಲಿಕೋಟೆಗೆ, ಅರಬ್ಬರ ನಾಡಿಗೆ ಹಡಗು ಕಳಿಸಿಕೊಂಡು ಬಂದವರು. ನಮ್ಮ ಕಡಲಿಗೆ ಇವರ ಚೀಟಿ ಯಾಕೆ? ಕಪ್ಪ ಕೊಡಲು ಒಪ್ಪಲಿಲ್ಲ. 1550ರ ದಶಕದಿಂದ ದಾಳಿ ಮೇಲೆ ದಾಳಿ. 1568ರಲ್ಲಿ ಊರಿಗೇ ನುಗ್ಗಿದರು. ರಾಣಿ ಒಂದು ಮಸೀದಿಯಲ್ಲಿ ಆಸರೆ ಪಡೆದು, ರಾತ್ರಿ ಜನ ಸೇರಿಸಿ ತಿರುಗಿ ಬಿದ್ದಳು, ಪೋರ್ಚುಗೀಸ್ ದಳಪತಿ ಪೆಯ್‌ಶೋಟೊ ಸತ್ತ ಎಂಬುದು ಉಳ್ಳಾಲದ ಪ್ರತಿ ಮಗುವಿಗೂ ಗೊತ್ತಿರುವ ಕಥೆ. ಜೈನ ರಾಣಿ, ಮೊಗವೀರರ ದೋಣಿ, ಬ್ಯಾರಿ ಮುಸ್ಲಿಮರ ವ್ಯಾಪಾರ ಮತ್ತು ತೋಳು. ಈ ಊರಿನಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಕಡಲಿಗೆ ಇಳಿಯುವ ಹಾಗಿರಲಿಲ್ಲ. ಅದನ್ನು ನಾನು ಬರೀ ಹೊಗಳಿಕೆಗೆ ಹೇಳುತ್ತಿಲ್ಲ. ಅಳಿವೆ ದಾಟಿಸಲು ಒಬ್ಬ, ಸರಕು ತುಂಬಲು ಒಬ್ಬ, ದೂರದ ಬಂದರಲ್ಲಿ ಭಾಷೆ ಗೊತ್ತಿದ್ದವನೊಬ್ಬ ಬೇಕು. ಕೆಲಸದ ಲೆಕ್ಕವೇ ಹಾಗಿತ್ತು.

ಇಲ್ಲಿ ಒಂದು ಗಂಟು ಬಿಡಿಸಬೇಕು. ಅಬ್ಬಕ್ಕ ಒಬ್ಬಳೇನಾ? 1550ರ ದಶಕದ ಯುದ್ಧದಲ್ಲೂ ಅಬ್ಬಕ್ಕ, 1620ರ ದಶಕದಲ್ಲೂ ಅಬ್ಬಕ್ಕ. ಎಪ್ಪತ್ತು ವರ್ಷ ಒಬ್ಬರೇ ಆಳುವುದು ಸಾಧ್ಯವಾ ಅಂತ ಅನುಮಾನ ಬರುತ್ತದೆ. ಉತ್ತರಕ್ಕೆ ಒಬ್ಬ ಇಟಲಿಯವನ ಪತ್ರ ಸಹಾಯಕ್ಕೆ ಬರುತ್ತದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರಲ್ಲಿ ಗೋವಾದಿಂದ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ಹತ್ತಿರ ಹೊರಟ ಪೋರ್ಚುಗೀಸ್ ನಿಯೋಗದ ಜೊತೆ ಬಂದವನು, ಅಲ್ಲಿಂದ ಮಂಗಳೂರಿಗೆ ಇಳಿದ. ಉಳ್ಳಾಲದ ರಾಣಿಯನ್ನು ನೋಡಬೇಕು ಅಂತ ಹುಡುಕಿಕೊಂಡು ಮಣೇಲ್ ಎಂಬ ಊರಿಗೆ ಹೋದ. ಅರಮನೆಯಲ್ಲಿ, ಸಿಂಹಾಸನದ ಮೇಲೆ ಸಿಗುತ್ತಾಳೆ ಅಂದುಕೊಂಡಿದ್ದನೋ ಏನೋ. ಆದರೆ ಸಿಕ್ಕಿದ್ದು ಹೊಲದ ದಾರಿಯಲ್ಲಿ. ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಬರಿಗಾಲು. ಮೈಮೇಲೆ ಸಾದಾ ಬಿಳಿ ಹತ್ತಿಬಟ್ಟೆ. ಮೇಲೆ ಕೊಡೆ ಹಿಡಿದ ಒಬ್ಬ, ಸುತ್ತ ಕೆಲವು ಮಂದಿ. ವೇಷ ನೋಡಿದರೆ ರಾಣಿ ಅನ್ನುವ ಹಾಗಿಲ್ಲ, ಮಾತು ಶುರುವಾದ ಮೇಲೆ ಮಾತ್ರ ಅನುಮಾನವೇ ಇಲ್ಲ ಎಂಬರ್ಥದಲ್ಲಿ ಅವನು ಬರೆಯುತ್ತಾನೆ. ಎಲ್ಲೆಲ್ಲಿ ಸುತ್ತಿದೆ, ಅಷ್ಟು ದೊಡ್ಡ ದೊಡ್ಡ ರಾಜ್ಯಗಳನ್ನು ನೋಡಿದವನು ನಮ್ಮ ಈ ಕಾಡಿಗೆ ಏನು ನೋಡಲು ಬಂದೆ ಎಂದು ಅವಳೇ ಕೇಳಿದಳಂತೆ.

ಅವಳ ವಯಸ್ಸು ಸುಮಾರು ನಲವತ್ತು ಇರಬಹುದು ಎಂದು ಅವನ ಅಂದಾಜು. ಪೋರ್ಚುಗೀಸರು ಇನ್ನೂ ಮುದುಕಿ ಅಂತ ಹೇಳಿದ್ದರು ಎಂದೂ ಸೇರಿಸುತ್ತಾನೆ. ಲೆಕ್ಕ ಹಾಕಿ. 1623ರಲ್ಲಿ ನಲವತ್ತಾದರೆ 1568ರಲ್ಲಿ ಅವಳು ಹುಟ್ಟಿರಲೇ ಇಲ್ಲ. ಹಾಗಾಗಿ ಅಬ್ಬಕ್ಕ ಅನ್ನುವ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರು ಉಳ್ಳಾಲವನ್ನು ಆಳಿದ್ದಾರೆ ಎಂದು ಹಲವು ಇತಿಹಾಸಕಾರರು ಹೇಳುವುದು ಸರಿಯೆನಿಸುತ್ತದೆ. ನನ್ನ ಮಟ್ಟಿಗೆ ಇದರಿಂದ ಅಬ್ಬಕ್ಕನ ಮರ್ಯಾದೆ ಕಡಿಮೆ ಆಗುವುದಿಲ್ಲ, ಇನ್ನೂ ಜಾಸ್ತಿ ಆಗುತ್ತದೆ. ಒಬ್ಬಳ ಧೈರ್ಯ ಅವಳ ಜೊತೆಗೇ ಮುಗಿಯಬಹುದಿತ್ತು. ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಅದೇ ಹಠ ದಾಟಿ ಬಂದಿದೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ ರಾಣಿ ಅಬ್ಬಕ್ಕ ಅಂತ ಹೆಸರಿಟ್ಟಾಗ ಖುಷಿಯಾಯಿತು. ಆದರೆ ನನಗೆ ಹೆಚ್ಚು ಇಷ್ಟದ ಚಿತ್ರ ಇದೇ: ಬರಿಗಾಲಲ್ಲಿ ನಿಂತು ಕಾಲುವೆ ತೋಡಿಸುವ ರಾಣಿ. ಗದ್ದೆಗೆ ನೀರು ಹೋದರೆ ಅಕ್ಕಿ, ಅಕ್ಕಿ ಇದ್ದರೆ ಬಂದರು, ಬಂದರು ಇದ್ದರೆ ರಾಜ್ಯ ಅನ್ನುವುದು ಗೊತ್ತಿದ್ದವಳು.

ಅದೇ ಇಟಲಿಯವನು ಬಂದರನ್ನೂ ವರ್ಣಿಸಿದ್ದಾನೆ. ಒಂದು ಕಡೆ ಬಂಗರ ನೆಲ, ಇನ್ನೊಂದು ಕಡೆ ಉಳ್ಳಾಲ, ನಡುವೆ ಬಾಗಿಲಿಗೆ ಎದುರಾಗಿ ಮಂಗಳೂರಿನ ಕೋಟೆ. ನಾನೂರು ವರ್ಷದ ಹಿಂದಿನ ಮಾತು, ಇವತ್ತಿನ ನಕ್ಷೆಗೂ ಹೆಚ್ಚುಕಡಿಮೆ ಹೊಂದುತ್ತದೆ.

ಉಳ್ಳಾಲದ ಮಿಕ್ಕ ಗುರುತುಗಳೂ ನೀರಿನ ಅಂಚಿನಲ್ಲೇ ಇವೆ. ಸಯ್ಯಿದ್ ಮಹಮ್ಮದ್ ಶರೀಫುಲ್ ಮದನಿ ದರ್ಗಾ ಇಲ್ಲಿನದು. ಮದೀನಾದಿಂದ ಕಡಲ ಮೇಲೆ ಚಾದರ ಹಾಸಿಕೊಂಡು ಬಂದವರು ಎಂದು ಜನ ನಂಬುತ್ತಾರೆ. ಐದು ವರ್ಷಕ್ಕೊಮ್ಮೆ ಉರೂಸ್, ಆಗ ಊರಿನ ತುಂಬ ಜನ. ದಕ್ಷಿಣಕ್ಕೆ ಸೋಮೇಶ್ವರದಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲೆ ಸೋಮನಾಥನ ಗುಡಿ. ಆ ಬಂಡೆಗಳ ಹತ್ತಿರ ನೀರಿಗಿಳಿಯಬೇಡಿ, ಸುಳಿ ಇದೆ, ಪ್ರತಿ ವರ್ಷ ಜೀವ ಹೋಗುತ್ತದೆ. ಆದರೆ ಪಚ್ಚಿಲೆ ಎಂಬ ಕಡಲ ಚಿಪ್ಪು ಕೀಳುವವರಿಗೆ ಆ ಬಂಡೆಯ ಪ್ರತಿ ಬಿರುಕೂ ಗೊತ್ತು. ತೊಕ್ಕೊಟ್ಟಿನ ಹತ್ತಿರ ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ಟಿಯನ್ ಚರ್ಚ್. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ, ಐದೂ ಒಂದೇ ಬಸ್ಸಿನಲ್ಲಿ ಕೇಳುತ್ತವೆ.

ಬ್ರಿಟಿಷರ ಕಾಲಕ್ಕೆ ಬಂದರೆ ನದಿಗೆ ಹೊಸ ಕೆಲಸ ಸಿಕ್ಕಿತು. ಹೊಯಿಗೆಗಿಂತ ಹಗುರವಾದ ನುಣ್ಣನೆ ಮಣ್ಣು ಕೊನೆಗೆ ಕೂರುತ್ತದೆ ಅಂದೆನಲ್ಲ, ದಂಡೆಯ ಆ ಜೇಡಿಮಣ್ಣೇ ಮಂಗಳೂರು ಹಂಚು ಆಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಉಳ್ಳಾಲದ ಎದುರು ದಡದ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದರು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಒಲೆಗೆ ಬೇಕಾದ ಸೌದೆಯೂ ನೀರಿನ ದಾರಿಯಲ್ಲೇ, ತಯಾರಾದ ಹಂಚೂ ಮಂಜಿಗಳಲ್ಲಿ ತುಂಬಿ ದೂರ ದೂರದ ಊರಿಗೆ. ಮಂಜಿ ಅಂದರೆ ಸರಕು ಸಾಗಿಸುವ ಮರದ ಹಡಗು. ಆಮೇಲೆ ನದಿಯುದ್ದಕ್ಕೂ ಹಂಚಿನ ಕಾರ್ಖಾನೆಗಳೆದ್ದವು. ಈಗ ಹೆಚ್ಚಿನವು ಮುಚ್ಚಿವೆ. ಉದ್ದನೆಯ ಹೊಗೆಕೊಳವೆ ಕೆಲವು ಕಡೆ ಇನ್ನೂ ನಿಂತಿವೆ.

1907ರಲ್ಲಿ ರೈಲು ಬಂತು. ಕೇರಳದ ಕಡೆಯಿಂದ ಹಳಿ ಉಳ್ಳಾಲದವರೆಗೆ ಬಂದು, ನೇತ್ರಾವತಿಗೆ ಸಂಕ ಹಾಕಿ, ಮಂಗಳೂರು ಮುಟ್ಟಿತು. ಅಲ್ಲಿವರೆಗೆ ದಡದಿಂದ ದಡಕ್ಕೆ ಕಡವಿನ ದೋಣಿಯೇ ಗತಿ. ಆಮೇಲೆ ರಸ್ತೆಯ ಸಂಕವೂ ಆಯಿತು. ಮೊದಲು 17 ಎನ್ನುತ್ತಿದ್ದ, ಈಗ 66 ಅನ್ನುವ ರಾಷ್ಟ್ರೀಯ ಹೆದ್ದಾರಿ ಅದರ ಮೇಲೆ ಹೋಗುತ್ತದೆ. ಉಳ್ಳಾಲ ಮಂಗಳೂರಿನ ಮಗ್ಗುಲ ಊರಾದದ್ದು ಈ ಎರಡು ಸಂಕಗಳಿಂದ. ಅದಕ್ಕೆ ಮುಂಚೆ ಅದು ಎದುರು ದಡದ ಊರು. ಎರಡಕ್ಕೂ ಬಹಳ ವ್ಯತ್ಯಾಸ. ಎದುರು ದಡದ ಊರಿಗೆ ತನ್ನದೇ ಸಂತೆ, ದೋಣಿ ನಿಲ್ಲಲು ತನ್ನದೇ ದಕ್ಕೆ, ತನ್ನದೇ ಒಡೆಯ. ಮಗ್ಗುಲ ಊರಿನವರು ಬೆಳಿಗ್ಗೆ ಬಸ್ ಹತ್ತಿ ಪೇಟೆಗೆ ಹೋಗಿ ಸಂಜೆ ಮಲಗಲು ಬರುತ್ತಾರೆ. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಕಾಸರಗೋಡು ಕೇರಳಕ್ಕೆ ಹೋಯಿತು, ತಲಪಾಡಿಯಲ್ಲಿ ಗಡಿ ಬಿತ್ತು, ಉಳ್ಳಾಲ ಕರ್ನಾಟಕದ ಕಡೆಯ ಪೇಟೆಯಾಗಿ ಉಳಿಯಿತು. ಆ ಗೆರೆ ಎಷ್ಟು ಗಟ್ಟಿ ಅನ್ನುವುದು 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಕೊರೊನಾಕ್ಕೆ ಹೆದರಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ತಲಪಾಡಿಯ ಆಚೆಯವರಿಗೆ ಆಸ್ಪತ್ರೆ ಅಂದರೆ ದೇರಳಕಟ್ಟೆ, ಮಂಗಳೂರು. ಆಂಬುಲೆನ್ಸ್ ಕೂಡ ನಿಂತಿತು, ವಿಷಯ ಕೋರ್ಟಿಗೆ ಹೋಯಿತು.

2011ರ ಜನಗಣತಿಯಲ್ಲಿ ಉಳ್ಳಾಲದ ಜನ ಸುಮಾರು 53 ಸಾವಿರ. ಸಣ್ಣ ಊರು ಅನ್ನಬಹುದು, ಆದರೆ ಜನ ಒತ್ತೊತ್ತಾಗಿ ಇರುವ ಊರು. ಯಾಕೆಂದರೆ ನೆಲ ಕಡಿಮೆ. ಮತ್ತು ಇರುವ ನೆಲವೂ ಕಡಿಮೆಯಾಗುತ್ತಿದೆ.

ಕಡಲ್ಕೊರೆತ ಅನ್ನುವ ಮಾತು ಪ್ರತಿ ಜೂನ್‌ನಲ್ಲಿ ಪೇಪರಿನಲ್ಲಿ ಬರುತ್ತದೆ. ಓದಿ ಪುಟ ತಿರುಗಿಸುತ್ತೇವೆ. ಅದು ನಿಜವಾಗಿ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ. ಮಳೆಗಾಲದ ತೆರೆ ಎತ್ತರ, ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತದೆ. ಅದು ದಡದ ಹೊಯಿಗೆಯನ್ನು ಕಿತ್ತು ಕಡಲೊಳಗೆ ಸ್ವಲ್ಪ ದೂರ ಒಯ್ದು ದಿಬ್ಬವಾಗಿ ಇಡುತ್ತದೆ. ಮಳೆ ಮುಗಿದ ಮೇಲೆ ಬರುವ ತೆರೆ ಸಣ್ಣದು, ನಿಧಾನದ್ದು. ಅದು ಅದೇ ಹೊಯಿಗೆಯನ್ನು ನಿಧಾನವಾಗಿ ದಡಕ್ಕೆ ವಾಪಸ್ ತರುತ್ತದೆ. ಜುಲೈನಲ್ಲಿ ಸಣಕಲಾದ ದಡ ಜನವರಿಗೆ ಮತ್ತೆ ತುಂಬಿಕೊಳ್ಳುತ್ತದೆ. ಇದು ಕೊರೆತ ಅಲ್ಲ, ಕಡಲಿನ ಉಸಿರಾಟ. ಹಳೆಯ ಮೊಗವೀರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆ ಹಿಂದಕ್ಕೆ, ಮುಂದೆ ಹೊಯಿಗೆಯ ಬಯಲು. ಆ ಬಯಲಲ್ಲಿ ದೋಣಿ ಎಳೆದಿಟ್ಟು, ಬಲೆ ಹರಡಿ, ಮೀನು ಒಣಗಿಸಿ, ಮಳೆಗಾಲ ಬಂದರೆ ಅದನ್ನು ಕಡಲಿಗೆ ಬಿಟ್ಟುಕೊಡುತ್ತಿದ್ದರು.

ಕೊರೆತ ಆಗುವುದು ಹೋದದ್ದು ವಾಪಸ್ ಬರದೆ ಇದ್ದಾಗ. ಅಂದರೆ ಹೊಯಿಗೆಯ ಮೆರವಣಿಗೆಯಲ್ಲಿ ಎಲ್ಲೋ ತಡೆ ಬಿದ್ದಾಗ.

ಮಂಗಳೂರಿನ ಹಳೆ ಬಂದರಿನ ದೊಡ್ಡ ತೊಂದರೆ ಮೊದಲಿಂದಲೂ ಅಳಿವೆಯಲ್ಲಿ ಹೊಯಿಗೆ ಕೂರುವುದು. ದೊಡ್ಡ ಹಡಗು ಒಳಗೆ ಬರುವ ಹಾಗಿರಲಿಲ್ಲ, ಹೊರಗೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಸರಕು ಇಳಿಸಬೇಕು. ಅದಕ್ಕೇ ಹೊಸ ಬಂದರನ್ನು ಇಲ್ಲಿ ಮಾಡದೆ ಉತ್ತರಕ್ಕೆ ಪಣಂಬೂರಿನಲ್ಲಿ ಮಾಡಿದರು, 1975ರ ಜನವರಿಯಲ್ಲಿ ಅದರ ಉದ್ಘಾಟನೆ. ಹಳೆ ಬಂದರು ಮೀನುಗಾರರಿಗೆ, ಲಕ್ಷದ್ವೀಪದ ಮಂಜಿಗಳಿಗೆ ಉಳಿಯಿತು. ಅವರಿಗೂ ಅಳಿವೆ ದಾಟುವುದು ಜೀವದ ಪ್ರಶ್ನೆಯೇ. ನದಿಯ ಸೆಳೆತ, ಕಡಲಿನ ತೆರೆ, ಅಡಿಯಲ್ಲಿ ಹೊಯಿಗೆ ದಿಬ್ಬ, ಮೂರೂ ಸೇರುವ ಜಾಗ ಅದು. ದೋಣಿ ಮಗುಚಿದ್ದು ಒಂದೆರಡು ಸಲ ಅಲ್ಲ. ಹಾಗಾಗಿ 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಡಲೊಳಕ್ಕೆ ಕಲ್ಲಿನ ಉದ್ದ ಗೋಡೆ ಹಾಕಿದರು. ಬಾಗಿಲಿಗೆ ಚೌಕಟ್ಟು ಹಾಕಿದ ಹಾಗೆ. ದೋಣಿಯವರಿಗೆ ಅನುಕೂಲ ಆಯಿತು, ಅದನ್ನು ತಪ್ಪು ಅನ್ನಲಾಗದು. ಆದರೆ ದಡದ ಉದ್ದಕ್ಕೆ ನಡೆದು ಬರುತ್ತಿದ್ದ ಹೊಯಿಗೆಗೆ ಅದು ಅಡ್ಡಗೋಡೆ. ಉತ್ತರದ ಬೆಂಗ್ರೆ ಕಡೆ ಹೊಯಿಗೆ ತುಂಬಿ ನೆಲ ಬೆಳೆಯಿತು. ದಕ್ಷಿಣದ ಉಳ್ಳಾಲದ ಕಡೆ ದಡ ಕರಗಿತು. ಕೋಟೆಪುರ, ಮೊಗವೀರಪಟ್ಣ, ಕೈಕೋ, ಸುಭಾಷ್‌ನಗರ, ಒಂದೊಂದು ವರ್ಷ ಒಂದೊಂದು ಹೆಸರು.

ಕೊರೆತದ ದಡದಲ್ಲಿ ನಿಂತರೆ ಮನಸ್ಸಿಗೆ ನಾಟುವುದು ಬಿದ್ದ ಗೋಡೆಯಲ್ಲ, ಬಾವಿ. ನೆಲದೊಳಗಿದ್ದ ಬಾವಿ. ಸುತ್ತಲಿನ ಹೊಯಿಗೆ ಹೋದ ಮೇಲೆ ಅದರ ಸಿಮೆಂಟಿನ ಬಳೆಗಳು ಒಂದರ ಮೇಲೊಂದು, ಕಂಬದ ಹಾಗೆ ತೆರೆಯ ನಡುವೆ ಬರಿಮೈಯಲ್ಲಿ ನಿಂತಿರುತ್ತವೆ. ತೆರೆ ಬಂದಾಗ ಒಳಗೂ ಹೊರಗೂ ಉಪ್ಪುನೀರು. ಹಗ್ಗ ಉಜ್ಜಿ ಉಜ್ಜಿ ಮೇಲಿನ ಬಳೆಯ ಅಂಚಿನಲ್ಲಿ ಬಿದ್ದ ಗೀರು ಮಾತ್ರ ಹಾಗೇ ಇರುತ್ತದೆ. ಒಂದು ಮನೆಯವರು ಎಷ್ಟು ವರ್ಷ ಅಲ್ಲಿ ನೀರು ಸೇದಿರಬೇಕು ಅಂತ ಆ ಗೀರು ನೋಡಿ ತಿಳಿಯುತ್ತದೆ.

ಕಡಲಿಗೆ ಅಷ್ಟು ಹತ್ತಿರ ಸಿಹಿನೀರಿನ ಬಾವಿ ಇರುವುದೇ ಒಂದು ಸೋಜಿಗ, ಅಲ್ವಾ? ಅದರ ಗುಟ್ಟು ಹೀಗಿದೆ. ಮಳೆನೀರು ಹೊಯಿಗೆಯೊಳಗೆ ಇಳಿಯುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು ನಲವತ್ತಡಿ ಸಿಹಿನೀರು ಇರುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ಕೊಡಪಾನದಲ್ಲಿ ಸೇದಿದರೆ ಇದು ಬಹಳ ಕಾಲ ಬಾಳುತ್ತದೆ. ಪಂಪು ಹಾಕಿ ಮೇಲಿನ ಒಂದಡಿ ಎಳೆದರೆ ಕೆಳಗಿನ ನಲವತ್ತಡಿಯ ಲೆಕ್ಕ ತಪ್ಪುತ್ತದೆ, ಉಪ್ಪು ಮೇಲೇಳುತ್ತದೆ. ಕಡಲು ದಡವನ್ನು ತಿಂದು ಹತ್ತಿರ ಬಂದರೂ ಅದೇ ಕಥೆ. ಹಾಗಾಗಿ ಈಗ ಉಳ್ಳಾಲ ಕುಡಿಯುವ ನೀರಿಗೆ ಮೇಲಕ್ಕೆ, ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ಕಡೆಗೆ ನೋಡುತ್ತದೆ. ಮಂಗಳೂರು ನಗರಕ್ಕೆ ನೀರು ಕೊಡುವುದೂ ಅದೇ. ಮಳೆ ತಡವಾದ 2016, 2019ರ ಬೇಸಿಗೆಯಲ್ಲಿ ನೀರನ್ನು ಪಾಳಿ ಹಾಕಿ ಬಿಡಬೇಕಾಯಿತು. ಅಷ್ಟು ಮಳೆ ಬೀಳುವ ಊರಿನಲ್ಲಿ!

ಕಡಲ್ಕೊರೆತಕ್ಕೆ ಮೊದಲು ಸಿಕ್ಕಿದ ಮದ್ದು ಕಲ್ಲು. ಲಾರಿಗಟ್ಟಲೆ ಕಲ್ಲು ತಂದು ದಡಕ್ಕೆ ಸುರಿಯುವುದು. ಮನೆ ಬೀಳುತ್ತಿರುವಾಗ ಬೇರೆ ದಾರಿಯೂ ಇರುವುದಿಲ್ಲ. ಆದರೆ ಹೊಯಿಗೆಯ ಇಳಿಜಾರಿನ ಮೇಲೆ ತೆರೆ ಏರಿ ಸುಸ್ತಾಗುತ್ತದೆ, ಕಲ್ಲಿಗೆ ಹೊಡೆದ ತೆರೆ ಸುಸ್ತಾಗುವುದಿಲ್ಲ. ತಿರುಗಿ ಬೀಳುತ್ತದೆ, ಬೀಳುವಾಗ ಕಲ್ಲಿನ ಬುಡದ ಹೊಯಿಗೆಯನ್ನೇ ಕೆರೆಯುತ್ತದೆ. ಎರಡು ಮೂರು ಮಳೆಗಾಲಕ್ಕೆ ಕಲ್ಲು ಕುಸಿಯುತ್ತದೆ. ಮತ್ತೆ ಲಾರಿ, ಮತ್ತೆ ಕಲ್ಲು. ಗೋಡೆ ಮುಗಿದ ಕಡೆ ಪಕ್ಕದ ದಡಕ್ಕೆ ಏಟು. ಉಳ್ಳಾಲದಲ್ಲಿ ಶುರುವಾದ ಕೊರೆತ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ ಅಂತ ದಕ್ಷಿಣಕ್ಕೆ ಇಳಿಯುತ್ತಾ ಹೋದದ್ದು ಹೀಗೆ. 2010ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ 200 ಕೋಟಿಗೂ ಮಿಕ್ಕಿದ ಒಂದು ಯೋಜನೆ ಆಯಿತು. ಅಳಿವೆಯ ಗೋಡೆಗಳನ್ನು ಸರಿಪಡಿಸಿ, ಕಡಲೊಳಗೆ ನೀರಿನಡಿಯಲ್ಲಿ ಎರಡು ದಿಬ್ಬ ಕಟ್ಟಿದರು. ತೆರೆ ದಡಕ್ಕೆ ಬರುವ ಮೊದಲೇ ಅಲ್ಲಿ ಮುರಿಯಲಿ ಅಂತ. ಕಲ್ಲು ಸುರಿಯುವುದಕ್ಕಿಂತ ಇದು ಬುದ್ಧಿವಂತ ಕೆಲಸ, ಕಡಲಿನ ಜೊತೆ ಸ್ವಲ್ಪವಾದರೂ ಮಾತಾಡುವ ಕೆಲಸ. ಆದರೆ ಒಂದು ಮಾತಿದೆ. ತೆರೆಯನ್ನು ಮುರಿದರೂ ದಡ ತುಂಬಲು ಹೊಯಿಗೆ ಬೇಕಲ್ಲ? ಹೊಯಿಗೆ ತರಬೇಕಾದವಳು ನೇತ್ರಾವತಿ.

ನೇತ್ರಾವತಿಯ ಹೊಯಿಗೆ ಈಗ ಕಡಲಿಗೆ ಬರುವ ಮೊದಲೇ ಲಾರಿ ಹತ್ತುತ್ತದೆ. ಕರಾವಳಿ ನಿಯಂತ್ರಣ ವಲಯದಲ್ಲಿ, ಅಂದರೆ ಎಲ್ಲರೂ ಸಿಆರ್‌ಝಡ್ ಅನ್ನುವ ಜಾಗದಲ್ಲಿ, ಕಾನೂನು ಸ್ಪಷ್ಟ ಇದೆ. ದೋಣಿಗೆ ಅಡ್ಡಿಯಾಗುವ ದಿಬ್ಬವನ್ನು ಮಾತ್ರ, ಸಾಂಪ್ರದಾಯಿಕವಾಗಿ ಆ ಕೆಲಸ ಮಾಡುವವರು, ಕೈಯಿಂದ ತೆಗೆಯಬಹುದು. ಯಂತ್ರ ಇಳಿಸುವ ಹಾಗಿಲ್ಲ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಇಲ್ಲಿ ಮನೆ ಕಟ್ಟಿದ ಯಾರನ್ನೇ ಕೇಳಿ, ಒಂದು ಲೋಡ್ ಹೊಯಿಗೆಯ ಬೆಲೆ ಏನು, ಅದು ರಾತ್ರಿ ಹೊತ್ತಲ್ಲೇ ಯಾಕೆ ಬರುತ್ತದೆ ಅಂತ ಅವರಿಗೆ ಗೊತ್ತು. ಪಾವೂರು ಉಳಿಯದ ಜನ ತಮ್ಮ ಕುದ್ರು ಕಣ್ಣೆದುರೇ ಕರಗುತ್ತಿದೆ ಅಂತ ವರ್ಷಗಳಿಂದ ಕೂಗುತ್ತಿದ್ದಾರೆ. ಸುತ್ತಲಿನ ನದಿತಳದಿಂದ ಹೊಯಿಗೆ ಬಾಚಿದರೆ ಆ ಗುಂಡಿ ತುಂಬಲು ಕುದ್ರುವಿನ ದಂಡೆಯೇ ಕುಸಿದು ಇಳಿಯುತ್ತದೆ. ಇದಕ್ಕೆ ದೊಡ್ಡ ವಿಜ್ಞಾನ ಬೇಡ. ಹೊಯಿಗೆ ರಾಶಿಯ ಬುಡದಲ್ಲಿ ಒಂದು ಹಿಡಿ ತೆಗೆದು ನೋಡಿ, ಮೇಲಿನದು ಜಾರುತ್ತದೆ.

ಅಣೆಕಟ್ಟುಗಳ ಹಿಂದೆಯೂ ಸ್ವಲ್ಪ ಹೊಯಿಗೆ ನಿಲ್ಲುತ್ತದೆ. ತುಂಬೆಯ ಕೆಳಗೆ ಹರೇಕಳ–ಅಡ್ಯಾರ್ ನಡುವೆ ಈಗ ಸೇತುವೆಯೂ ಆಗುವ ಒಂದು ಕಿಂಡಿ ಅಣೆಕಟ್ಟು ಆಗಿದೆ. ಹರೇಕಳ ಅಂದರೆ ಕಿತ್ತಳೆ ಮಾರಿದ ಹಣದಲ್ಲಿ ಊರಿಗೆ ಶಾಲೆ ತಂದು ಪದ್ಮಶ್ರೀ ಪಡೆದ ಹಾಜಬ್ಬರ ಊರು. ಮೊದಲು ಅಲ್ಲಿಯವರು ಕಡವಿನ ದೋಣಿಯಲ್ಲಿ ಅಡ್ಯಾರ್‌ಗೆ ದಾಟಿ ಮಂಗಳೂರಿನ ಬಸ್ ಹಿಡಿಯಬೇಕಿತ್ತು. ಬೇಸಿಗೆಯಲ್ಲಿ ನದಿ ಸಣ್ಣದಾದಾಗ ಉಬ್ಬರದ ಉಪ್ಪುನೀರು ಮೇಲಕ್ಕೆ ನುಗ್ಗದ ಹಾಗೆ ತಡೆಯುವುದು ಈ ಅಣೆಕಟ್ಟಿನ ಕೆಲಸ. ಗದ್ದೆ, ಬಾವಿಗಳಿಗೆ ಒಳ್ಳೆಯದು. ಮರುವಾಯಿ ಹೆಕ್ಕುವವರನ್ನು ಕೇಳಿದರೆ ಬೇರೆ ಉತ್ತರ ಬಂದೀತು, ಯಾಕೆಂದರೆ ಆ ಚಿಪ್ಪಿಗೆ ಉಪ್ಪು ಸಿಹಿ ಎರಡೂ ಕಲೆತ ನೀರು ಬೇಕು. ಇನ್ನೂ ಮೇಲೆ, ಘಟ್ಟದಲ್ಲಿ, ಎತ್ತಿನಹೊಳೆ. ನೇತ್ರಾವತಿಗೆ ಇಳಿಯುವ ಹಳ್ಳಗಳ ಮಳೆಗಾಲದ ನೀರನ್ನು ಪೂರ್ವಕ್ಕೆ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯುವ ಯೋಜನೆ. 24 ಟಿಎಂಸಿ ಲೆಕ್ಕ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಚಾಲೂ ಆಯಿತು. ಬಯಲುಸೀಮೆಯ ಜನಕ್ಕೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚರ್ಚೆಯಲ್ಲಿ ಕಡಲಿಗೆ ಹೋಗುವ ನೀರು ವ್ಯರ್ಥ ಅನ್ನುವ ಮಾತು ಬಂದಾಗಲೆಲ್ಲ ನನಗೆ ಉಳ್ಳಾಲ ಕಣ್ಣಿಗೆ ಬರುತ್ತದೆ. ಆ ವ್ಯರ್ಥ ಅನ್ನಿಸಿಕೊಂಡ ನೀರೇ ಹೊಯಿಗೆ ಹೊತ್ತು ತಂದು ಈ ಊರನ್ನು ಕಟ್ಟಿದ್ದು. ಅಳಿವೆಯನ್ನು ತೊಳೆದು ತೆರೆದಿಡುವುದೂ ಅದೇ ಪ್ರವಾಹ.

ಹೋಗಿ ನೋಡಬೇಕೆಂದರೆ ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಹೋಗಿ. ತೊಕ್ಕೊಟ್ಟಿನಲ್ಲಿ ಇಳಿದು ಉಳ್ಳಾಲ ಪೇಟೆ ದಾಟಿ ಕೋಟೆಪುರದ ತುದಿಯ ಕಡೆ ನಡೆಯಿರಿ. ಮೀನಿನ ಎಣ್ಣೆ ತೆಗೆಯುವ ಕಾರ್ಖಾನೆಗಳ ವಾಸನೆ ಮೂಗಿಗೆ ಹೊಡೆಯುತ್ತದೆ, ಸಹಿಸಿಕೊಳ್ಳಿ, ಅದು ಇಲ್ಲಿನವರ ಅನ್ನ. ಕೊನೆಗೆ ಕಲ್ಲಿನ ಗೋಡೆ ಸಿಗುತ್ತದೆ. ಸಂಜೆ ಇಳಿತದ ಹೊತ್ತಾದರೆ ನದಿ ನಿಮ್ಮ ಬಲಗಡೆಯಿಂದ ಮಣ್ಣಿನ ಬಣ್ಣದಲ್ಲಿ ಹೊರಗೆ ಹೋಗುತ್ತಿರುತ್ತದೆ, ಕಡಲು ಎಡಗಡೆಯಿಂದ ಹಸಿರಾಗಿ ಬಂದು ಮುಟ್ಟುತ್ತಿರುತ್ತದೆ. ಎರಡೂ ಸೇರುವಲ್ಲಿ ನೊರೆಯ ಒಂದು ಗೆರೆ. ಎದುರಿಗೆ ಬೆಂಗ್ರೆ, ಕೂಗಿದರೆ ಕೇಳುವಷ್ಟು ಹತ್ತಿರ ಅನಿಸುತ್ತದೆ. ಬೂತಾಯಿ ಮೀನು ತುಂಬಿದ ದೋಣಿಗಳು ಆ ನೊರೆಯ ಗೆರೆ ದಾಟಿ ಒಳಗೆ ಬರುತ್ತಿರುತ್ತವೆ, ಒಂದೊಂದಾಗಿ, ಚುಕ್ಕಾಣಿ ಹಿಡಿದವನು ನಿಂತೇ ಇರುತ್ತಾನೆ, ಕಣ್ಣು ನೀರಿನ ಬಣ್ಣದ ಮೇಲೆ. ಎಲ್ಲಿ ನೀರಿನ ಬಣ್ಣ ತೆಳುವಾಗಿ ಕಂಡರೆ ಅಲ್ಲಿ ಅಡಿಯಲ್ಲಿ ಹೊಯಿಗೆ ಇದೆ ಅಂತ ಅವನಿಗೆ ಗೊತ್ತು.